ಡಬ್ಬಿ ಆಮೇಲೆ, ಮೊದಲು ನಿಮ್ಮ ಮಾತ್ರೆಗಳನ್ನು ತೋರಿಸಿ

ನಾನು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಮಂಡಿ ನೋವಿನವರು ಬರದ ದಿನವೇ ಇಲ್ಲ. ಮೆಟ್ಟಿಲು ಇಳಿದರೆ ನೋವು, ನೆಲದ ಮೇಲೆ ಕುಳಿತರೆ ಏಳಲು ಆಗದು, ಎದ್ದರೆ ಕಟಕಟ ಸದ್ದು. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯುರಿ ತಂದುಕೊಂಡವರೇ ಬಹಳ. ಅದಕ್ಕೇ ಅವರು ‘ಗಿಡಮೂಲಿಕೆಯದು ಏನಾದರೂ ಕೊಡಿ, ಸೈಡ್ ಎಫೆಕ್ಟ್ ಇರಬಾರದು’ ಎಂದು ಕೇಳುತ್ತಾರೆ. ಯಾವ ಡಬ್ಬಿ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಡಬ್ಬಿಯ ಮೇಲಿಲ್ಲ, ಅವರು ಈಗಾಗಲೇ ನುಂಗುತ್ತಿರುವ ಮಾತ್ರೆಗಳಲ್ಲಿದೆ ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ.

ಹಿರಿಯರೊಬ್ಬರು ಮೊಬೈಲಿನಲ್ಲಿ ಕರ್ಕ್ಯುಮಿನ್ (ಅರಿಶಿನದಿಂದ ತೆಗೆದ ಅಂಶ) ಕ್ಯಾಪ್ಸೂಲಿನ ಜಾಹೀರಾತು ತೋರಿಸಿ ಅದೇ ಬೇಕೆಂದರು. ಬೇರೆ ಮಾತ್ರೆ ಏನಿದೆ ಯಜಮಾನರೇ ಎಂದರೆ, ‘ಬಿಪಿಗೆ ಒಂದು, ಅಷ್ಟೇ’ ಎಂದರು. ಮನೆಯಲ್ಲಿರುವುದನ್ನೆಲ್ಲ ತಂದು ತೋರಿಸಿ ಎಂದು ಕಳುಹಿಸಿದೆ. ಮರುದಿನ ಪ್ಲಾಸ್ಟಿಕ್ ಕವರನ್ನು ಕೌಂಟರಿನ ಮೇಲೆ ಸುರಿದರು. ಅರ್ಧ ಕತ್ತರಿಸಿದ ಸ್ಟ್ರಿಪ್‌ಗಳು, ಮಡಚಿ ಮಡಚಿ ಹರಿದ ಚೀಟಿ. ಅದರ ನಡುವೆ ವಾರ್ಫರಿನ್. ವಾಲ್ವ್ ಆಪರೇಷನ್ ಆದಾಗಿನಿಂದ ತೆಗೆದುಕೊಳ್ಳುತ್ತಿದ್ದರಂತೆ. ‘ಅದು ಹೃದಯದ್ದು ತಾಯೀ, ಮಂಡಿಗೂ ಅದಕ್ಕೂ ಏನು ಸಂಬಂಧ?’

ಸಂಬಂಧ ಇದೆ. ವಾರ್ಫರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ಪರೀಕ್ಷೆಯನ್ನು ಆಗಾಗ ಮಾಡಿಸಿ ಅದರ ಪ್ರಮಾಣವನ್ನು ಸರಿಹೊಂದಿಸಬೇಕಾಗುತ್ತದೆ. ಜೊತೆಗೆ ಕರ್ಕ್ಯುಮಿನ್ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೂ ಇದೇ ಎಚ್ಚರಿಕೆ ಬೇಕು. ಆ ಹಿರಿಯರಿಗೆ ನಾನು ಕ್ಯಾಪ್ಸೂಲ್ ಕೊಡಲಿಲ್ಲ. ಹೆಸರನ್ನು ಚೀಟಿಯಲ್ಲಿ ಬರೆದು, ಹೃದಯದ ವೈದ್ಯರನ್ನು ಕೇಳಿಕೊಂಡು ಬನ್ನಿ ಎಂದೆ.

‘ಅರಿಶಿನ ದಿನವೂ ಸಾರಿಗೆ ಹಾಕುತ್ತೇವಲ್ಲ’ ಎಂಬ ಮಾತು ಇಂಥ ಕಡೆ ಬಂದೇ ಬರುತ್ತದೆ. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3ರಷ್ಟು. ಕ್ಯಾಪ್ಸೂಲಿನಲ್ಲಿ ತುಂಬುವುದು ಸಾಮಾನ್ಯವಾಗಿ ಶೇ 95ರ ಸಾರ. ಅದು ಮೈಗೆ ಚೆನ್ನಾಗಿ ಹತ್ತಲೆಂದು ಕಾಳುಮೆಣಸಿನ ಪೈಪರಿನ್ ಅನ್ನೂ ಎಷ್ಟೋ ಕಂಪನಿಗಳು ಸೇರಿಸುತ್ತವೆ. ಪೈಪರಿನ್ ಇನ್ನಿತರ ಕೆಲವು ಔಷಧಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಇಂಥ ಸಾರಗಳಿಂದ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬೀಳುತ್ತದೆಂದು ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಸಿತ್ತು. ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಊಟ ಸೇರದಿದ್ದರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಶಲ್ಲಕಿಯ (ಬಾಸ್ವೆಲಿಯಾ ಮರದ ಅಂಟು) ಬಗ್ಗೆ ನನಗೆ ಸ್ವಲ್ಪ ಹೆಚ್ಚು ಭರವಸೆಯಿದೆ. ಮಂಡಿ ಸವೆತದವರ ಮೇಲೆ ನಡೆದ ಪ್ರಯೋಗಗಳಲ್ಲಿ ಅದರ ಸಾರದಿಂದ ನೋವು ಒಂದಿಷ್ಟು ತಗ್ಗಿದ್ದು ಕಂಡಿದೆ. ಆದರೆ ಆ ಪ್ರಯೋಗಗಳೆಲ್ಲ ಚಿಕ್ಕವು. ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ನಂಬಬೇಡಿ. ಕೊಡುವಾಗ ನಾನು ಹೇಳುವುದಿಷ್ಟು: ಊಟದ ನಂತರ ತೆಗೆದುಕೊಳ್ಳಿ, ಒಂದೆರಡು ತಿಂಗಳು ನೋಡಿ, ಗುಣ ಕಾಣದಿದ್ದರೆ ದುಡ್ಡು ಸುರಿಯುವುದನ್ನು ನಿಲ್ಲಿಸಿ. ಆಪರೇಷನ್ ಇದ್ದರೆ ಮುಂಚೆಯೇ ವೈದ್ಯರಿಗೆ ತಿಳಿಸಿ. ಗುಗ್ಗುಳು ಕೇಳುವವರು ಬಿಪಿ, ಹೃದಯದ ಮಾತ್ರೆಗಳಾದ ಡಿಲ್ಟಿಯಾಜೆಮ್ ಅಥವಾ ಪ್ರೊಪ್ರಾನೊಲಾಲ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ನೋಡುತ್ತೇನೆ. ಗುಗ್ಗುಳು ಈ ಮಾತ್ರೆಗಳು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಅಶ್ವಗಂಧ ಬೆರೆತಿದ್ದರೆ ಥೈರಾಯ್ಡ್ ಇದೆಯೇ ಎಂದು ಕೇಳುತ್ತೇನೆ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಕೀಲು ನೋವಿಗೆಂದು ಮಾರುವ ಗ್ಲುಕೋಸಮೈನ್ ಹೆಚ್ಚಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ, ಹಸಿರು ಚುಕ್ಕೆ ನೋಡಿಕೊಳ್ಳಿ.

ಇನ್ನು ಲೇಬಲ್. ಆಯುರ್ವೇದ ಔಷಧವಾದರೆ ತಯಾರಿಕಾ ಪರವಾನಗಿ ಸಂಖ್ಯೆ ಇರಬೇಕು. ಆಹಾರ ಪೂರಕವಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಇರಬೇಕು. ಯಾವ ಮೂಲಿಕೆ ಎಷ್ಟು ಮಿಲಿಗ್ರಾಂ, ಅದು ಸಾರವೋ ಬರೀ ಚೂರ್ಣವೋ ಎಂಬುದೂ ಕಾಣಬೇಕು. ಹತ್ತು ಹೆಸರು ಬರೆದು ಒಂದೇ ಒಟ್ಟು ತೂಕ ಕೊಟ್ಟಿರುವ ಡಬ್ಬಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅದರಿಂದ ಏನನ್ನೂ ಲೆಕ್ಕ ಹಾಕಲಾಗದು.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಲೇಬಲ್ಲೇ ಇಲ್ಲದ ಪೊಟ್ಟಣ. ‘ಎರಡೇ ದಿನಕ್ಕೆ ನೋವು ಮಾಯ’ ಎಂದು ಹೇಳಿಕೊಂಡು ಯಾರೋ ಯಾರಿಗೋ ತಂದುಕೊಡುತ್ತಾರೆ. ಮೂಲಿಕೆ ಅಷ್ಟು ಬೇಗ ಕೆಲಸ ಮಾಡುವುದಿಲ್ಲ. ಹಾಗೆ ಮಾಡಿದರೆ ಒಳಗೆ ಸ್ಟೀರಾಯ್ಡ್ ಇದೆಯೇ ಎಂದು ಶಂಕಿಸಬೇಕು. ಕೀಲು ನೋವಿಗೆ ಮಾರುತ್ತಿದ್ದ ‘ಆರ್ಟ್ರಿ ಕಿಂಗ್’ ಹೆಸರಿನ ಪೂರಕಗಳಲ್ಲಿ ಲೇಬಲ್ಲಿನಲ್ಲಿಲ್ಲದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮತ್ತು ಡಿಕ್ಲೊಫೆನಾಕ್ ಎಂಬ ನೋವಿನ ಔಷಧ ಸಿಕ್ಕಿದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಬಹಿರಂಗಪಡಿಸಿತು. ಪುಡಿ ಶುರುವಾದ ಮೇಲೆ ಮುಖ ಊದಿಕೊಂಡಿದ್ದರೆ, ಹತೋಟಿಯಲ್ಲಿದ್ದ ಶುಗರ್ ಏರಿದ್ದರೆ ಗಮನಿಸಿ. ತಿಂಗಳುಗಟ್ಟಲೆ ತಿಂದವರು ಗಾಬರಿಯಾಗಿ ಥಟ್ಟನೆ ನಿಲ್ಲಿಸಲೂಬಾರದು. ಹೊರಗಿನ ಸ್ಟೀರಾಯ್ಡಿಗೆ ಒಗ್ಗಿದ ದೇಹ ತನ್ನದನ್ನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಉಳಿದ ಪುಡಿಯನ್ನು ಪೊಟ್ಟಣ ಸಮೇತ ತೆಗೆದುಕೊಂಡು, ತಡಮಾಡದೆ ವೈದ್ಯರ ಬಳಿ ಹೋಗಿ. ಹೇಗೆ ಇಳಿಸಬೇಕೆಂಬುದನ್ನು ಅವರೇ ಹೇಳಬೇಕು.