ಬಳೆ ಬಿಚ್ಚಿಟ್ಟು ಮಾಡುವ ಕೆಲಸ

ಪಿಯುಸಿ ಮುಗಿಸಿ ಪಶುವೈದ್ಯಕೀಯ ಓದ್ತೀನಿ ಅಂದಾಗ ಸೋದರಮಾವ ಕೇಳಿದ್ದು, "ದನದ ಡಾಕ್ಟ್ರಾಗೋಕೆ ಐದೂವರೆ ವರ್ಷ ಬೇಕಾ?" ನಮ್ಮ ಮೇಷ್ಟ್ರಂತೂ, "ಹೆಣ್ಣುಮಕ್ಕಳ ಕೈಲಿ ಆಗಲ್ಲಮ್ಮ, ತೋಳಲ್ಲಿ ಬಲ ಬೇಕು" ಅಂದಿದ್ದರು.

ಬಲ ಬೇಕು, ಸುಳ್ಳಲ್ಲ. ಆದರೆ ಹಸು ಈಯುವಾಗ ಕರುವಿನ ಮುಂಗಾಲು ಒಳಗೇ ಮಡಚಿಕೊಂಡಿದ್ದರೆ ನಾಲ್ಕು ಗಂಡಸರು ಎಳೆದರೂ ಬರುವುದಿಲ್ಲ. ಮೊದಲು ಕರುವನ್ನು ಹಿಂದಕ್ಕೆ ತಳ್ಳಬೇಕು. ಗೊರಸು ಗರ್ಭಕೋಶಕ್ಕೆ ತಾಗದ ಹಾಗೆ ಅಂಗೈಯಲ್ಲಿ ಮುಚ್ಚಿಕೊಂಡು ಕಾಲು ನೇರ ಮಾಡಬೇಕು. ಆಮೇಲೆ ಹಸು ತಿಣುಕಿದಾಗ ಮಾತ್ರ ಎಳೆಯಬೇಕು. ಅಲ್ಲಿ ಸಣ್ಣ ಕೈಯೇ ವಾಸಿ. (ಬಳೆ ಬಿಚ್ಚಿಡಬೇಕು, ಅಷ್ಟೇ!)

ಐರ್ಲೆಂಡಿನ ಅಲೀನ್ ಕಸ್ಟ್ 1900ರಲ್ಲೇ ಎಡಿನ್‌ಬರೋದಲ್ಲಿ ಈ ಓದು ಮುಗಿಸಿದ್ದರು. ಹೆಂಗಸು ಅನ್ನುವ ಕಾರಣಕ್ಕೆ ಆಗ ಡಿಪ್ಲೊಮಾ ಕೊಡಲಿಲ್ಲ, ಸಿಕ್ಕಿದ್ದು 1922ರಲ್ಲಿ! ಅವರು ಅದಕ್ಕೆ ಕಾಯದೆ ಕೆಲಸ ಮಾಡುತ್ತಲೇ ಇದ್ದರು. ನನಗೆ ಬಂದಿದ್ದು ಬರೀ ಮಾತು, ಸೀಟಿಗೇನೂ ಯಾರೂ ಅಡ್ಡ ಬರಲಿಲ್ಲ.

ಈ ವರ್ಷ ಈ ಕೋರ್ಸ್ ಸೇರೋಣ್ವಾ ಬೇಡ್ವಾ ಅಂತಿರೋ ಹುಡುಗಿಯರು ಇನ್‌ಬಾಕ್ಸ್‌ಗೆ ಬನ್ನಿ. ಎಲ್ಲಾದರೂ ಹಸು ಈಯುತ್ತಿದ್ದರೆ ಉತ್ತರ ಸ್ವಲ್ಪ ತಡವಾಗುತ್ತದೆ.