ಕಾಲು ಸುಡುತ್ತೆ, ಬೆನ್ನು ಕೊರೆಯುತ್ತೆ

ನಮ್ಮಕ್ಕನಿಗೆ ಬೆಂಗಳೂರಿನ ಚಳಿಯೇ ತಡೆಯುವುದಿಲ್ಲ. ದೀಪಾವಳಿ ಮುಗಿಯುವಷ್ಟರಲ್ಲಿ ಮಲ್ಲೇಶ್ವರದ ಮನೆಯ ಅಟ್ಟದಿಂದ ಉಲ್ಲನ್ ಕಾಲುಚೀಲ, ಮಫ್ಲರ್, ಅಮ್ಮನ ಕಾಲದ ಶಾಲು ಎಲ್ಲ ಕೆಳಗಿಳಿದಿರುತ್ತವೆ. ಈ ಊರಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ ಅಂತ ಹೇಳಿದರೆ, "ನಿನ್ನ ಲೆಕ್ಕ ನೀನೇ ಇಟ್ಕೋ" ಅನ್ನುತ್ತಾಳೆ. ಅಂಥವಳು ಬರುವ ಫೆಬ್ರವರಿಯಲ್ಲಿ, ಅಮೆರಿಕದ ಕೊರೆಯುವ ಚಳಿಯ ಮಿನ್ನೆಸೋಟಕ್ಕೆ ಹೋಗಿ, ಮಗ ಗ್ಯಾರೇಜಿನಲ್ಲಿ ತಾನೇ ಕಟ್ಟಿದ ವಿಮಾನದಲ್ಲಿ ಕೂರುವವಳಿದ್ದಾಳೆ. ಬೇಸಿಗೆಯಲ್ಲಿ ಹೋಗಬಾರದಾ ಅಂತ ಕೇಳಿ ನೋಡಿದೆ. ಮೊಮ್ಮಗಳ ಹುಟ್ಟುಹಬ್ಬ ಫೆಬ್ರವರಿಯಲ್ಲಂತೆ. ಮುಗೀತು.

ನಾನು ಎಚ್‌ಎಎಲ್‌ನಲ್ಲಿ ಷೀಟ್ ಮೆಟಲ್ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ನಮ್ಮ ಭಾನುವಾರದ ಬೆಳಗಿನ ಕಾಫಿ ಹೊತ್ತಿಗೆ, ಅವನಿಗೆ ಶನಿವಾರ ರಾತ್ರಿ, ಸೋದರಳಿಯ ಪುಟ್ಟನ ವಿಡಿಯೋ ಕಾಲ್ ಬಂದೇ ಬರುತ್ತದೆ. "ಮಾಮ, ಈ ರಿವೆಟ್ ನೋಡಿ, ಸರಿಯಾಗಿ ಕೂತಿದೆಯಾ?" ಅವನು ಕಟ್ಟಿರುವುದು ವ್ಯಾನ್ಸ್ ಕಂಪನಿಯ ಆರ್‌ವಿ-9ಎ ಕಿಟ್, ಬಿಡಿಭಾಗ ತರಿಸಿ ನಾವೇ ಜೋಡಿಸಿಕೊಳ್ಳುವಂಥದ್ದು. ಅಲ್ಯೂಮಿನಿಯಂ ಮೈ, ಅಕ್ಕಪಕ್ಕ ಎರಡು ಸೀಟು, ಮೇಲೆ ಗಾಜಿನಂಥ ಗುಮ್ಮಟ, 160 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್. ಅಮೆರಿಕದ ಕಾನೂನಿನಲ್ಲಿ ಇಂಥ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳೇ ಮಾಡಿರಬೇಕು. ಕಟ್ಟಿ ಮುಗಿದ ಮೇಲೂ ಸಾಮಾನ್ಯವಾಗಿ 25 ಅಥವಾ 40 ಗಂಟೆಗಳ ಪರೀಕ್ಷಾ ಹಾರಾಟ ಆಗುವ ತನಕ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಆ ಗಂಟೆಗಳನ್ನು ಅವನು ಬೇಸಿಗೆಯಲ್ಲೇ ಮುಗಿಸಿದ. ಆಗ ಹೀಟರಿನ ನೆನಪು ಯಾರಿಗಿರುತ್ತೆ?

ನವೆಂಬರಿನಲ್ಲಿ ಹಾರಿ ಬಂದು ಫೋನ್ ಮಾಡಿದ. "ಮಾಮ, ಕಾಲು ಸುಡುತ್ತೆ, ಬೆನ್ನು ಕೊರೆಯುತ್ತೆ. ಇನ್ನೊಂದು ಹೀಟರ್ ಕೂರಿಸಿಬಿಡ್ಲಾ?"

ಸಣ್ಣ ವಿಮಾನದ ಹೀಟರ್ ಅಂದರೆ ಬಹಳ ಸರಳ. ಸೈಲೆನ್ಸರ್ ಪೈಪಿನ ಸುತ್ತ ತಗಡಿನ ಇನ್ನೊಂದು ಕವಚ. ಪೈಪಿನೊಳಗೆ 700–800 ಡಿಗ್ರಿಯ ಹೊಗೆ ಹೋಗುತ್ತಿರುತ್ತದೆ. ಕವಚಕ್ಕೂ ಪೈಪಿಗೂ ನಡುವೆ ಹೊರಗಿನ ಗಾಳಿ ನುಗ್ಗಿ, ಬಿಸಿಯಾಗಿ, ಒಂದು ಕೊಳವೆಯಲ್ಲಿ ಹಾದು, ಎಂಜಿನ್‌ಗೂ ಕ್ಯಾಬಿನ್ನಿಗೂ ನಡುವಿನ ಬೆಂಕಿತಡೆ ಗೋಡೆಯಾದ ಫೈರ್‌ವಾಲಿನ ಬಾಗಿಲಿನಿಂದ ಒಳಗೆ ಬರುತ್ತದೆ. ಬೇಡವಾದಾಗ ಆ ಬಾಗಿಲು ಮುಚ್ಚಿದರೆ ಬಿಸಿಗಾಳಿ ಎಂಜಿನ್ ಕಡೆಗೇ ಹೊರಹೋಗಬೇಕು. ಕವಚದೊಳಗೆ ಗಾಳಿ ನಿಂತರೆ ಆ ಜಾಗದಲ್ಲಿ ಪೈಪು ಅತಿಯಾಗಿ ಕಾದು ಬೇಗ ಹಾಳಾಗುತ್ತದೆ. ಗಾಳಿ ಪೈಪಿಗೆ ಚೆನ್ನಾಗಿ ತಗುಲಿ ಇನ್ನಷ್ಟು ಕಾಯಲಿ ಅಂತ ಕವಚದೊಳಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕುವವರೂ ಇದ್ದಾರೆ. ಆ ಬಾಗಿಲಿನ ಪೆಟ್ಟಿಗೆ ಅಲ್ಯೂಮಿನಿಯಂನದ್ದಾಗಿದ್ದರೆ ಮೊದಲು ಬದಲಾಯಿಸು ಅಂದೆ. ಎಂಜಿನ್‌ಗೆ ಬೆಂಕಿ ಬಿದ್ದರೆ ಅಲ್ಯೂಮಿನಿಯಂ ಕರಗಿ, ಫೈರ್‌ವಾಲ್ ಸ್ಟೀಲಿನದ್ದಾಗಿದ್ದೂ ನಡುವೆ ತೂತು ಬೀಳುತ್ತೆ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಈ ಒಂದು ವಿಷಯದಲ್ಲಿ ನನ್ನ ಜೊತೆ ಚೌಕಾಸಿ ನಡೆಯಲ್ಲ.

ಆದರೆ ಎರಡನೇ ಹೀಟರ್ ಬೇಡ ಅಂದೆ. ಕಾಲು ಸುಡುತ್ತಿದೆ ಅಂದರೆ ಬಿಸಿ ಸಾಕಷ್ಟಿದೆ. ಬೆನ್ನು ಕೊರೆಯುತ್ತಿದೆ ಅಂದರೆ ಎಲ್ಲಿಂದಲೋ ತಣ್ಣಗಿನ ಗಾಳಿ ಒಳಗೆ ಬರುತ್ತಿದೆ. ಗಂಟೆಗೆ ಮುನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಹೋಗುವಾಗ ಬೆರಳು ಹೋಗದ ಸಂದಿಯೂ ಸಂದಿಯೇ.

ರಾತ್ರಿ ಗ್ಯಾರೇಜಿನ ದೀಪ ಆರಿಸಿ, ಒಳಗೆ ಟಾರ್ಚ್ ಹೊತ್ತಿಸಿಟ್ಟು, ಹೊರಗಿನಿಂದ ನೋಡು ಅಂದೆ. ರೆಕ್ಕೆ ಮೈಗೆ ಕೂಡುವ ಕಡೆ ಬೆಳಕಿನ ಗೆರೆ ಕಂಡಿತು, ಗುಮ್ಮಟದ ಅಂಚಿನಲ್ಲೂ. ಆಮೇಲೆ ಉಲ್ಲನ್ ದಾರದ ತುಂಡುಗಳನ್ನು ಸೀಟಿನ ಹಿಂದೆ, ಲಗೇಜ್ ಜಾಗದ ತಗಡಿನ ಮೇಲೆ, ರೆಕ್ಕೆಯ ಹಿಂದಂಚಿನ ಫ್ಲಾಪಿನ ಸಲಾಕೆ ಹಾದುಹೋಗುವ ತೂತಿನ ಹತ್ತಿರ ಅಂಟಿಸಿ ಹಾರಿಸಿದ. ವಿಡಿಯೋ ಕಳಿಸಿದ್ದ. ದಾರಗಳೆಲ್ಲ ಬಾಲದ ಕಡೆಯಿಂದ ಮುಂದಕ್ಕೆ, ಪೈಲಟ್ ಕಡೆಗೆ ಬಾಗಿ ಪಟಪಟ ಅಂತ ಬಡಿದುಕೊಳ್ಳುತ್ತಿವೆ! ವಿಮಾನ ಮುಂದೆ ಹೋಗುವಾಗ ಒಳಗಿನ ಗಾಳಿ ಹಿಂದಕ್ಕೆ ಹೋಗಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ. ಆದರೆ ಗುಮ್ಮಟದ ಉಬ್ಬಿನ ಮೇಲೆ ಗಾಳಿ ವೇಗವಾಗಿ ಹರಿದು ಅಲ್ಲಿ ಒತ್ತಡ ಇಳಿಯುತ್ತದೆ. ಅಂಚಿನ ಸಂದಿಗಳಿಂದ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಆ ಖಾಲಿ ತುಂಬಲು ಬಾಲದ ಟೊಳ್ಳಿನಿಂದ ಹಿಮದಂಥ ಗಾಳಿ ಮುಂದಕ್ಕೆ ಬರುತ್ತದೆ. ಬಿಸಿಗಾಳಿ ಮೊಣಕಾಲಿನ ಮೇಲೆ ಬರಲು ಬಿಡುತ್ತಲೇ ಇರಲಿಲ್ಲ ಅದು.

ಫೋಮ್ ಪಟ್ಟಿ, ವಿಮಾನ ನಡೆಸುವ ಸ್ಟಿಕ್ಕಿನ ಬುಡಕ್ಕೆ ಚರ್ಮದ ಚೀಲ, ಸಲಾಕೆಯ ತೂತಿಗೆ ಬಟ್ಟೆಯ ತೋಳು. ಖರ್ಚು ಏನೂ ಇಲ್ಲ, ತಾಳ್ಮೆ ಬೇಕು. ಸೀಟಿನ ಹಿಂದಿನ ಗೋಡೆಯನ್ನೂ ಮುಚ್ಚಿದ. ಒಳಗಿನ ಗಾಳಿಗೆ ಹೊರಹೋಗಲು ಒಂದು ದಾರಿ ಮಾತ್ರ ಬಿಡಲೇಬೇಕು. ಡಬ್ಬಿಯ ಹಾಗೆ ಪೂರ್ತಿ ಮುಚ್ಚಿಬಿಟ್ಟರೆ ಬಿಸಿಗಾಳಿ ಒಳಗೆ ಬರುವುದೂ ನಿಲ್ಲುತ್ತದೆ.

ಎಂಬತ್ತರ ದಶಕದಲ್ಲಿ ಜಕ್ಕೂರಿನ ಏರೋಡ್ರೋಮಿನಲ್ಲಿ ಒಂದು ಜನವರಿ ಬೆಳಿಗ್ಗೆ ಪುಷ್ಪಕ್‌ನಲ್ಲಿ ಕೂತಿದ್ದೆ. ನಮ್ಮ ಎಚ್‌ಎಎಲ್‌ನದೇ, 1958ರಲ್ಲಿ ಮೊದಲು ಹಾರಿದ್ದು, ಮೈಗೆಲ್ಲ ಬಟ್ಟೆ ಹೊದಿಸಿದ ವಿಮಾನ. ಬಾಗಿಲ ಸಂದಿಯ ಗಾಳಿ ಕಿವಿಗೇ ಹೊಡೆಯುತ್ತಿತ್ತು. ಪಕ್ಕದ ಇನ್‌ಸ್ಟ್ರಕ್ಟರ್ ಆರಾಮಾಗಿದ್ದರು. ವಿಮಾನ ನಡೆಸುವವನಿಗೆ ಕೆಲಸವಿರುತ್ತೆ, ಚಳಿ ಮರೆಯುತ್ತಾನೆ. ಪಕ್ಕದಲ್ಲಿ ಸುಮ್ಮನೆ ಕೂತವರಿಗೇ ನಡುಕ. ಅದಕ್ಕೇ ಬಿಸಿಗಾಳಿಯ ಒಂದು ಕವಲನ್ನು ಅಕ್ಕ ಕೂರುವ ಬಲಗಡೆಗೆ ಬೇರೆಯಾಗಿ ಒಯ್ಯಲು ಹೇಳಿದ್ದೇನೆ. ಸೀಟಿನೊಳಗೆ ಬಿಸಿಯಾಗುವ ವೈರಿನ ಪ್ಯಾಡ್ ಕೂಡ ಹಾಕಿದ್ದಾನೆ. ನಾಲ್ಕೈದು ಆಂಪಿಯರ್ ಎಳೆಯುತ್ತದೆ, ಅವನ ಆಲ್ಟರ್ನೇಟರಿಗೆ ಅದು ಲೆಕ್ಕಕ್ಕಿಲ್ಲ. ನಮ್ಮ ಎನ್‌ಎಎಲ್ ಸಂಸ್ಥೆಯ ಹಂಸ-ಎನ್‌ಜಿ ವಿಮಾನದಲ್ಲಿರುವಂಥ ರೋಟಾಕ್ಸ್ ಎಂಜಿನ್ ಆಗಿದ್ದರೆ ಸಿಲಿಂಡರ್ ಹೆಡ್‌ಗೆ ನೀರು ಸುತ್ತುತ್ತೆ. ಕಾರಿನ ಹಾಗೆ ಆ ನೀರಿನಿಂದಲೇ ಬಿಸಿ ತೆಗೆಯಬಹುದು, ಹೊಗೆಯ ಭಯ ಕಡಿಮೆ.

ಹೊಗೆಯ ಭಯ ಅಂದೆನಲ್ಲ, ನನಗೆ ನಿದ್ದೆ ಕೆಡಿಸುವುದು ಚಳಿಯಲ್ಲ, ಅದೇ. ಕವಚದೊಳಗಿನ ಪೈಪು ಕೂದಲೆಳೆಯಷ್ಟು ಸೀಳಿದರೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ನೇರ ಕ್ಯಾಬಿನ್ನಿಗೆ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. 2019ರ ಜನವರಿ 21ರಂದು ಇಂಗ್ಲಿಷ್ ಕಡಲ್ಗಾಲುವೆಗೆ ಬಿದ್ದ ಪೈಪರ್ ಮಾಲಿಬು ವಿಮಾನದಲ್ಲಿ ಪ್ರಯಾಣಿಕನಾಗಿದ್ದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ರಕ್ತದಲ್ಲಿ ಈ ವಿಷ ಹಿಡಿದ ಹಿಮೋಗ್ಲೋಬಿನ್ ಶೇ. 58ರಷ್ಟಿತ್ತು. ಅದು ಕಾರ್ಖಾನೆಯಲ್ಲಿ ತಯಾರಾದ ವಿಮಾನ, ಗ್ಯಾರೇಜಿನದ್ದಲ್ಲ.

ಆದ್ದರಿಂದ ಪೈಪಿನ ಕವಚ ಬಿಚ್ಚಿಸಿದೆ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯನ್ನು ಸೈಲೆನ್ಸರ್ ತುದಿಗೆ ಕಟ್ಟಿ, ಬೆಸುಗೆಯ ಮೇಲೆಲ್ಲ ಸೋಪಿನ ನೀರು ಚಿಮುಕಿಸಿ, ಕ್ಯಾಮೆರಾ ಹತ್ತಿರ ಹಿಡಿದ. ಒಂದೊಂದು ಬೆಸುಗೆಯನ್ನೂ ಕಾಫಿ ಆರುವ ತನಕ ನೋಡಿದೆ. ಗುಳ್ಳೆ ಏಳಲಿಲ್ಲ. ವರ್ಷಕ್ಕೊಮ್ಮೆಯಾದರೂ ಹೀಗೆ ಮಾಡಬೇಕು ಅಂದಿದ್ದೇನೆ. ಈ ವಿಷಗಾಳಿ ತಗುಲಿದರೆ ಬಣ್ಣ ಬದಲಾಯಿಸುವ ಅಂಟು ಚೀಟಿ ನನಗೆ ಸಾಲದು, ಅದನ್ನು ಯಾರಾದರೂ ನೋಡಿದರೆ ತಾನೆ? ಕೂಗುವ ಅಲಾರಂ ಬೇಕು, ಹಾಕಿಸಿದ್ದೇನೆ.

ಮೊನ್ನೆ ಅಕ್ಕನಿಗೆ ವಿವರಿಸಿದೆ: ಅಲಾರಂ ಕೂಗಿದರೆ ಹೀಟರನ್ನು ಪುಟ್ಟ ಮುಚ್ಚುತ್ತಾನೆ, ಹೊರಗಿನ ಗಾಳಿ ಪೂರ್ತಿ ಬಿಡುತ್ತಾನೆ, ಹತ್ತಿರದಲ್ಲಿ ಇಳಿಸುತ್ತಾನೆ. ಸಾವಿರ ಅಡಿ ಏರಿದರೆ ಸುಮಾರು ಎರಡು ಡಿಗ್ರಿ ಇಳಿಯುತ್ತೆ. ಅಲ್ಲಿ ನೆಲದ ಮೇಲೇ ಸೊನ್ನೆಗಿಂತ ಕೆಳಗಿರುತ್ತೆ.

"ಅಂದ್ರೆ ಅಷ್ಟೆಲ್ಲ ಮಾಡಿಸಿ, ಕೊನೆಗೆ ನಾನು ನಡುಗ್ತಾ ಇಳೀಬೇಕು?"

"ಹೀಟರ್ ಇಲ್ಲ ಅಂದುಕೊಂಡೇ ಬಟ್ಟೆ ಹಾಕ್ಕೋ. ಹಿಮದ ಹೊಲದಲ್ಲಿ ಇಳಿಸಬೇಕಾಗಿ ಬಂದ್ರೆ ಅಲ್ಲಿಂದ ನಡೆದು ಬರೋ ಹಾಗಿರಬೇಕು. ಸೀರೆ, ಚಪ್ಪಲಿ ಬೇಡ."

ಸೀರೆ ಬೇಡ ಅಂದಿದ್ದಕ್ಕೆ ಇನ್ನೂ ಮುನಿಸಿದೆ. ಬೂಟಿಗೆ ಒಪ್ಪಿದ್ದಾಳೆ. ಭಾನುವಾರ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಥರ್ಮಲ್ ನೋಡಿಕೊಂಡು ಬರಬೇಕು, ಪುಟ್ಟನ ಕಾಲ್ ಮುಗಿದ ಮೇಲೆ.