ನೋವು ಪೂರ್ತಿ ಹೋಯಿತೇ ಎಂದು ಕೇಳುವವರಿಗೆ

ಬೆನ್ನುಹುರಿಗೆ ಕರೆಂಟ್ ಕೊಡುವ ಸಾಧನವನ್ನು ದೇಹದೊಳಗೆ ಇಡಿಸಿಕೊಂಡು ಬಳ್ಳಾರಿಗೆ ಮರಳಿದಂದಿನಿಂದ ನೆಂಟರೂ ಗಿರಾಕಿಗಳೂ ತಪ್ಪದೆ ಕೇಳುವುದು, ನೋವು ಪೂರ್ತಿ ಹೋಯಿತೇ ಎಂದು. ಹೋಗಿಲ್ಲ. ಎರಡು ಶಸ್ತ್ರಚಿಕಿತ್ಸೆಗಳ ನಂತರವೂ ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಉರಿ ಉಳಿದುಕೊಂಡಿದ್ದ ನನ್ನಂಥವರಿಗೆ ಈ ಚಿಕಿತ್ಸೆಯನ್ನು ಸೂಚಿಸುವುದು ಬೆನ್ನುಮೂಳೆಯನ್ನು ಸರಿಪಡಿಸಲಿಕ್ಕಲ್ಲ, ನೋವಿನ ಸಂದೇಶ ಮಿದುಳಿಗೆ ತಲುಪುವುದನ್ನು ತಗ್ಗಿಸಲಿಕ್ಕೆ. ಕೌಲ್ ಬಜಾರಿನ ನಮ್ಮ ಜೀನ್ಸ್ ಹೊಲಿಗೆ ಷೆಡ್ಡಿನಲ್ಲಿ ಒಂದು ತಾಸು ಕುಳಿತು ಲೆಕ್ಕ ಬರೆಯಲು ಆಗುತ್ತದೆಯೇ ಎಂಬುದಷ್ಟೇ ನನ್ನ ಅಳತೆ, ಈಗ ಆಗುತ್ತದೆ.

ಸ್ಪರ್ಶವನ್ನು ಒಯ್ಯುವ ನರತಂತುಗಳು ಚುರುಕಾದರೆ ನೋವಿನ ಸಂದೇಶಕ್ಕೆ ಬೆನ್ನುಹುರಿಯಲ್ಲೇ ಅಡ್ಡಿಯಾಗುತ್ತದೆ ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಪ್ರತಿಪಾದಿಸಿದರು. ಅದನ್ನು ನೆಚ್ಚಿ 1967ರಲ್ಲಿ ಅಮೆರಿಕದ ಶಸ್ತ್ರವೈದ್ಯ ನಾರ್ಮನ್ ಶೀಲಿ ಮೊದಲ ಬಾರಿಗೆ ರೋಗಿಯೊಬ್ಬರ ಬೆನ್ನುಹುರಿಗೆ ವಿದ್ಯುತ್ ಸ್ಪಂದನ ಕೊಟ್ಟರು. ಇಂದು ಬೆನ್ನುಹುರಿಯ ಹೊದಿಕೆಯ ಹೊರಗೆ ತೆಳುವಾದ ತಂತಿಗಳನ್ನು ಕೂರಿಸಿ, ಅವುಗಳಿಗೆ ಸ್ಪಂದನ ಕಳಿಸುವ ಬ್ಯಾಟರಿಯನ್ನು ಸೊಂಟದ ಕೆಳಗೆ ಚರ್ಮದಡಿ ಇಡುತ್ತಾರೆ.

ಈ ಚಿಕಿತ್ಸೆಯಲ್ಲಿ ನನಗೆ ಬಹಳ ಹಿಡಿಸಿದ್ದು, ಖಾಯಂ ಆಗಿ ಇಡುವ ಮೊದಲು ಪರೀಕ್ಷಿಸಿ ನೋಡುವ ಅವಕಾಶ. ಸುಮಾರು ಒಂದು ವಾರ ತಂತಿಗಳು ಬೆನ್ನಿನಿಂದ ಹೊರಬಂದು, ಪಟ್ಟಿಯಡಿ ಅಂಟಿಕೊಂಡು, ಸೊಂಟಕ್ಕೆ ಕಟ್ಟಿದ ಪೆಟ್ಟಿಗೆಗೆ ಸೇರಿರುತ್ತವೆ. ಸ್ನಾನವಿಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದಷ್ಟೇ. ನೋವು ಅರ್ಧದಷ್ಟಾದರೂ ತಗ್ಗಿದರೆ ಮುಂದುವರಿಯಬಹುದು ಎಂಬುದು ರೂಢಿಯ ಮಾನದಂಡ. ಆದರೆ ನೋವು ಹತ್ತಕ್ಕೆ ಎಷ್ಟು ಎಂದು ರೋಗಿಯೇ ಹೇಳುವ ಅಂಕಿಯನ್ನು ನಾನು ನೆಚ್ಚಲಿಲ್ಲ, ಏಕೆಂದರೆ ಲಕ್ಷಗಟ್ಟಲೆ ಹಣ ಹೊಂದಿಸಿಟ್ಟುಕೊಂಡು ಕುಳಿತವನ ಮನಸ್ಸಿಗೆ ನೋವು ತಗ್ಗಿದಂತೆ ಕಾಣುವುದು ಸಹಜ. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎಷ್ಟು ಹೊತ್ತು ಕೂರಬಲ್ಲೆ, ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ಲುತ್ತೇನೆ, ರಾತ್ರಿ ಯಾವಾಗ ಎಚ್ಚರವಾಗುತ್ತದೆ ಎಂಬುದನ್ನು ನನ್ನ ಹೆಂಡತಿ ಬರೆದಿಟ್ಟಳು; ನಿರ್ಧಾರವಾದದ್ದು ಆ ಪುಸ್ತಕದಿಂದ.

ತಂತಿಗಳು ಜರುಗದೆ ಗಟ್ಟಿಯಾಗಿ ಕೂರಲೆಂದು ಆರಂಭದ ವಾರಗಳಲ್ಲಿ ಬಾಗುವುದು, ತಿರುಚುವುದು, ಭಾರ ಎತ್ತುವುದು ವರ್ಜ್ಯ. ಮದುವೆ ಮನೆಯಲ್ಲಿ ಪಂಕ್ತಿ ಊಟಕ್ಕೆ ನೆಲದ ಮೇಲೆ ಕೂರದೆ ನಿಂತೇ ಉಂಡದ್ದನ್ನು ಬಿಂಕವೆಂದು ತಿಳಿದವರೂ ಇದ್ದಾರೆ, ಇರಲಿ. ನನ್ನ ಸಾಧನ ನೋವಿನ ಜಾಗದಲ್ಲಿ ಜುಮ್ಮೆನ್ನುವ ಅನುಭವ ಹುಟ್ಟಿಸುವ ಬಗೆಯದು. ಅಂಗಾತ ಮಲಗಿದಾಗ ಬೆನ್ನುಹುರಿ ತಂತಿಯ ಸಮೀಪಕ್ಕೆ ಸರಿಯುವುದರಿಂದ ನಿಂತಾಗ ಹಿತವಾಗಿದ್ದ ಕರೆಂಟೇ ಜೋರಾಗಿ ಬಡಿಯುತ್ತದೆ. ಆದ್ದರಿಂದ ಮಲಗುವ ಮುನ್ನ ರಿಮೋಟಿನಲ್ಲಿ ಇಳಿಸುವುದು, ಎದ್ದಮೇಲೆ ಏರಿಸುವುದು ಅಭ್ಯಾಸವಾಗಿದೆ. ಕೆಮ್ಮು ಬಂದರೂ ಕಾಲಿಗೆ ಕ್ಷಣಕಾಲ ಮಿಂಚು ಹರಿಯುತ್ತದೆ. ಅದಕ್ಕೇ ವಾಹನ ಓಡಿಸುವಾಗ ಸಾಧನವನ್ನು ಆರಿಸಬೇಕು.

ಚಾರ್ಜ್ ಮಾಡುವ ಕೆಲಸ ನಮ್ಮೂರಿನ ಬೇಸಿಗೆಗೆ ಹೇಳಿ ಮಾಡಿಸಿದ್ದಲ್ಲ. ಬೆಲ್ಟಿನೊಳಗಿನ ಚಾರ್ಜರ್ ಬಿಲ್ಲೆಯನ್ನು ಚರ್ಮದಡಿಯ ಬ್ಯಾಟರಿಗೆ ಸರಿಯಾಗಿ ಎದುರಿಟ್ಟು ಕೂರಬೇಕು. ನಲವತ್ತು ಡಿಗ್ರಿ ದಾಟಿದ ಮೇ ತಿಂಗಳಲ್ಲಿ ಬೆವರಿಗೆ ಬೆಲ್ಟ್ ಜಾರುತ್ತದೆ, ಬಿಲ್ಲೆ ಬೆಚ್ಚಗಾಗುತ್ತದೆ, ಸಂಪರ್ಕ ತಪ್ಪಿ ಬೀಪ್ ಶಬ್ದ ಆರಂಭವಾಗುತ್ತದೆ. ಬೆಳಗಿನ ಜಾವ, ತೆಳು ಹತ್ತಿಯ ಬನಿಯನ್ನಿನ ಮೇಲೆ ಬೆಲ್ಟ್ ಕಟ್ಟಿಕೊಂಡು ಪತ್ರಿಕೆ ಓದುವುದು ನಾನು ಕಂಡುಕೊಂಡ ದಾರಿ.

ಸಾಧನದ ಗುರುತಿನ ಚೀಟಿಯನ್ನು ಸದಾ ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ವಿಮಾನ ನಿಲ್ದಾಣದ ತಪಾಸಣೆಗೆ ಅದು ಬೇಕು. ಎಂಆರ್‌ಐ ಮಾಡಬಹುದೇ, ಯಾವ ಷರತ್ತಿನ ಮೇಲೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಅಲ್ಲಿಯೂ ಬೇಕು. ಇವೆರಡಕ್ಕಿಂತ ನನಗೆ ಹೆಚ್ಚು ಆತಂಕದ್ದು ಫಿಸಿಯೋಥೆರಪಿ ಕೊಠಡಿ. ಮಂಡಿನೋವಿಗೆಂದು ಹೋದವರಿಗೂ ಅಲ್ಲಿ ಡಯಾಥರ್ಮಿ, ಅಂದರೆ ಯಂತ್ರದ ಅಲೆಗಳಿಂದ ಮೈಯೊಳಗೆ ಹುಟ್ಟಿಸುವ ಶಾಖ, ಕೊಡುವುದುಂಟು. ಆ ಯಂತ್ರದ ಶಕ್ತಿ ತಂತಿಯ ಮೂಲಕ ಹರಿದು ತುದಿಯಲ್ಲಿ ಬೆನ್ನುಹುರಿಯ ಸುತ್ತಲಿನ ಅಂಗಾಂಶವನ್ನು ಸುಡಬಲ್ಲದು, ಸಾಧನ ಆರಿಸಿಟ್ಟಿದ್ದರೂ ಈ ಅಪಾಯ ತಪ್ಪುವುದಿಲ್ಲ. ನಮ್ಮ ಕಡೆ ಇಂಥ ಸಾಧನ ಇರುವವರು ವಿರಳವಾದ್ದರಿಂದ ಅಲ್ಲಿಯವರು ತಾವಾಗಿ ಕೇಳುವುದಿಲ್ಲ; ಮಂಚ ಹತ್ತುವ ಮೊದಲೇ ಚೀಟಿ ತೋರಿಸಬೇಕು.